ಮುಖ ಬೇಡ, ಕಸಬರಿಗೆ ಬಿಡಿಸಿ

ಬೀದರ್‌ನಲ್ಲಿ ಹೆಣ್ಣುಮಕ್ಕಳ ಕ್ರಾಂತಿಯ ಬಗ್ಗೆ ಕಲಾ ಪ್ರದರ್ಶನ ಅಂದ್ರೆ ಮೊದಲು ನೆನಪಾಗೋದು ಕ್ಯಾಲೆಂಡರಿನ ಅಕ್ಕಮಹಾದೇವಿ. ಆದರೆ 12ನೇ ಶತಮಾನದ ಶರಣೆಯರ ಮುಖ ನಾವ್ಯಾರೂ ಕಂಡಿಲ್ಲ. ಉಳಿದಿರೋದು ವಚನ, ಕಾಯಕದ ನೆನಪು. ಸತ್ಯಕ್ಕ ಅಂಗಳ ಗುಡಿಸಿದವಳು, ಕದಿರ ರೆಮ್ಮವ್ವೆ ನೂಲು ತೆಗೆದವಳು. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ದಂಪತಿ ಲಕ್ಕಮ್ಮ, ಮಾರಯ್ಯ. ಒಂದು ದಿನ ಗಂಡ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರೋಕೆ ಹೇಳಿದಳಂತೆ. ಕೂಡಿಡೋದನ್ನೇ ಬೇಡ ಅಂದ ಈ ಹೆಂಗಸು ನಮ್ಮ ಪೋಸ್ಟರುಗಳಲ್ಲಿ ಕಾಣಲ್ಲ, ಅದೇ ನನ್ನ ತಕರಾರು. ಕಪ್ಪು ಬಿದರಿ ತಟ್ಟೆಯಲ್ಲಿ ಬೆಳ್ಳಿಯ ನಾಲ್ಕು ಅಕ್ಕಿಕಾಳು ಕೂರಿಸಿ, ಸಾಕು. ಪಕ್ಕದಲ್ಲಿ ಸತ್ಯಕ್ಕನ ಕಸಬರಿಗೆ. ಉದ್ಘಾಟನೆಗೆ ಮಂತ್ರಿ ಬೇಡ. ಭಾಲ್ಕಿ, ಔರಾದ್ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕಂದಿರನ್ನು ಕರೀರಿ, ಮೈಕ್ ಅವರ ಕೈಗೆ ಕೊಡಿ.