ಕಂಪ್ಯೂಟರ್ ಬಂತು, ಕಲಿಕೆ ಬಂತೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸರ್ಕಾರಿ ಶಾಲೆಗೆ ಸ್ಮಾರ್ಟ್ ಟಿವಿಯೋ ನಾಲ್ಕು ಕಂಪ್ಯೂಟರೋ ಬಂದರೆ ಊರಿಗೆ ಊರೇ ಹಿಗ್ಗುತ್ತದೆ. ರಿಬ್ಬನ್ ಕತ್ತರಿಸುವುದು, ಹಾರ, ಫೋಟೊ ಎಲ್ಲ ಆಗುತ್ತದೆ. ಆರು ತಿಂಗಳಾದ ಮೇಲೆ ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವವರು ಮಾತ್ರ ಕಡಿಮೆ. ಕೇಳದಿರುವುದಕ್ಕೆ ನಾವು ನಂಬಿಕೊಂಡು ಬಂದಿರುವ ಕೆಲವು ಮಾತುಗಳೇ ಕಾರಣ.

ತಪ್ಪು ಕಲ್ಪನೆ: ಯಂತ್ರ ಕೊಟ್ಟರೆ ಸಾಕು, ಮಕ್ಕಳು ಕಲಿಯುತ್ತಾರೆ.

ಸತ್ಯ: ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಅಲ್ಲಿನ ಹಳ್ಳಿ ಶಾಲೆಗಳನ್ನು ಅಭ್ಯಸಿಸಿ 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಅಂಕ ಏರಿರಲಿಲ್ಲ. ಹಾಗೆಂದು ಯಂತ್ರವೇ ದಂಡ ಅನ್ನುವಂತಿಲ್ಲ. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶ ಪ್ರತಿ ಮಗುವಿನ ಮಟ್ಟ ನೋಡಿ ಅಲ್ಲಿಂದಲೇ ಪಾಠ ಕೊಡುತ್ತಾ ಹೋದಾಗ ಗಣಿತದಲ್ಲೂ ಹಿಂದಿಯಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಯಂತ್ರದಿಂದ ಯಾವ ಕೆಲಸ ಮಾಡಿಸುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ತಪ್ಪು ಕಲ್ಪನೆ: ಕಂಪ್ಯೂಟರ್ ಕಲಿಸಲು ಕಂಪ್ಯೂಟರ್ ಮೇಷ್ಟ್ರೇ ಬೇಕು.

ಸತ್ಯ: ಇದನ್ನು ನಂಬಿ ನಾವು ಕೈ ಸುಟ್ಟುಕೊಂಡಿದ್ದೇವೆ. 2001ರಲ್ಲಿ ಕರ್ನಾಟಕ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಕಲಿಸುವ ಗುತ್ತಿಗೆ ಹೋದದ್ದು ಖಾಸಗಿ ಸಂಸ್ಥೆಗಳಿಗೆ. ಗಣಿತ, ವಿಜ್ಞಾನದ ಮೇಷ್ಟ್ರುಗಳ ಪಾಲಿಗೆ ಲ್ಯಾಬು ಬೇರೆ ಯಾರದೋ ಮನೆಯಾಯಿತು. ಗುತ್ತಿಗೆಯ ಅವಧಿ ಮುಗಿದರೆ ಕಲಿಸುವವರೂ ಹೊರಡುತ್ತಾರೆ. ಶಾಲೆಯಲ್ಲಿ ಉಳಿಯುವುದು ಪೆಟ್ಟಿಗೆಗಳು ಮಾತ್ರ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೇರಳ ‘ಐಟಿ ಅಟ್ ಸ್ಕೂಲ್’ ಶುರುಮಾಡಿ, ಶಾಲೆಯಲ್ಲಿ ಮೊದಲೇ ಇದ್ದ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಇವತ್ತು ಅಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಐಟಿ ಪರೀಕ್ಷೆಯೂ ಇದೆ. ನಾವು ಈ ದಾರಿಗೆ ಗಟ್ಟಿಯಾಗಿ ಬಂದದ್ದು ತಡವಾಗಿ, 2016-17ರ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ, ಅಂದರೆ ಮೇಷ್ಟ್ರುಗಳು ‘ಟಾಲ್ಪ್’ ಎನ್ನುವ ತರಬೇತಿಯಲ್ಲಿ. ತ್ರಿಕೋನದ ಮೂರು ಕೋನ ಸೇರಿದರೆ 180 ಡಿಗ್ರಿ ಎಂಬುದನ್ನು ‘ಜಿಯೋಜೀಬ್ರಾ’ ತಂತ್ರಾಂಶದಲ್ಲಿ ಎಳೆದು ತೋರಿಸಬೇಕಾದವರು ಗಣಿತದ ಮೇಷ್ಟ್ರೇ. ತಂತ್ರಾಂಶ ಬಲ್ಲವರಿಗಿಂತ ತ್ರಿಕೋನ ಬಲ್ಲವರು ಅಲ್ಲಿ ಮುಖ್ಯ.

ತಪ್ಪು ಕಲ್ಪನೆ: ಇಂಗ್ಲಿಷ್ ಬಾರದ ಮಕ್ಕಳಿಗೆ ಕಂಪ್ಯೂಟರ್ ಬಾರದು.

ಸತ್ಯ: ಕೇರಳದ ಮಾತು ಬಂತಲ್ಲ, ಅಲ್ಲಿನ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಇರುವುದು ಕನ್ನಡದಲ್ಲೇ. ಗಡಿಯಾಚೆ ಆಗುವುದು ಹೂವಿನಹಡಗಲಿಯಲ್ಲಿ ಆಗದೇ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ನುಡಿ’ ತಂತ್ರಾಂಶ ನಡೆಯುವುದೂ ಇದೇ ಕ್ರಮದಲ್ಲಿ. ವರ್ಣಮಾಲೆ ಬಲ್ಲ ಮಗುವಿಗೆ ಇದು ಬಹುಬೇಗ ಕೈಗೆ ಹತ್ತುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಮಾದರಿಗಳಲ್ಲೂ, ವಿದ್ಯುತ್ ಮಂಡಲವನ್ನು ಪರದೆಯ ಮೇಲೇ ಜೋಡಿಸಿ ನೋಡುವಂಥ ಹಲವು, ಕನ್ನಡಕ್ಕೆ ಬಂದಿವೆ. ಅವನ್ನು ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದು, ಜಿಯೋಜೀಬ್ರಾವೂ ಹಾಗೆಯೇ. ನೆಟ್ ಇಲ್ಲ ಎಂಬ ನೆಪಕ್ಕೂ ಇದೇ ಉತ್ತರ.

ತಪ್ಪು ಕಲ್ಪನೆ: ಈಗಿನ ಹುಡುಗರಿಗೆ ಮೊಬೈಲು ಅಂಗೈ ಮೇಲಿನ ನೆಲ್ಲಿಕಾಯಿ, ಅವರಿಗೇನು ಹೇಳಿಕೊಡುವುದು?

ಸತ್ಯ: 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎನ್ನುತ್ತದೆ ಅಸರ್ 2024ರ ದೇಶವ್ಯಾಪಿ ಸಮೀಕ್ಷೆ. ಹಾಗೆ ಬಳಸಲು ಬರುವವರಲ್ಲಿ, ಸಮೀಕ್ಷೆಗೆ ಹಿಂದಿನ ವಾರ ಸಾಮಾಜಿಕ ಜಾಲತಾಣಕ್ಕೆ ಅದನ್ನು ಬಳಸಿದವರು ಶೇ 76. ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಶೇ 57. ರೀಲ್ಸ್ ಸರಿಸುವ ಬೆರಳಿಗೆ ಕಡತವೊಂದನ್ನು ಉಳಿಸಿ ಮತ್ತೆ ಹುಡುಕುವುದು, ಅಂಕಿಗಳ ಕೋಷ್ಟಕ ಮಾಡುವುದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ತಾಳೆ ನೋಡುವುದು ತಾನಾಗಿ ಬರುವುದಿಲ್ಲ. ಅದನ್ನು ಕೂರಿಸಿಕೊಂಡೇ ಕಲಿಸಬೇಕು.

ಇನ್ನೊಂದು ನಂಬಿಕೆ ಕೊರೊನಾ ಕಾಲದ್ದು: ಆನ್‌ಲೈನ್ ಪಾಠ ಎಲ್ಲರಿಗೂ ಮುಟ್ಟುತ್ತದೆ ಎಂಬುದು. ಮುಟ್ಟುವುದಿಲ್ಲ ಎಂದು ಗೊತ್ತಿದ್ದರಿಂದಲೇ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳು ಗುಡಿಯ ಕಟ್ಟೆ, ಸಮುದಾಯ ಭವನ ಅಂತ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದರು. ಕೂಡ್ಲಿಗಿ, ಹರಪನಹಳ್ಳಿ ಕಡೆ ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಗುಳೆ ಹೊರಡುವ ಮಗುವಿಗೆ ಇವತ್ತಿಗೂ ಸ್ಮಾರ್ಟ್ ಕ್ಲಾಸಿಗಿಂತ ಮೊದಲು ಬೇಕಾದದ್ದು ಊರಲ್ಲೇ ಉಳಿಯಲು ಒಂದು ಹಾಸ್ಟೆಲ್ಲು.

ಎಸ್‌ಡಿಎಂಸಿ ಸದಸ್ಯರೇ, ಪಾಲಕರೇ, ಮುಂದಿನ ಸಭೆಯಲ್ಲಿ ಶಾಲೆಗೆ ಎಷ್ಟು ಕಂಪ್ಯೂಟರ್ ಬಂದಿವೆ ಎಂದು ಕೇಳಬೇಡಿ. ವೇಳಾಪಟ್ಟಿ ತರಿಸಿ, ಲ್ಯಾಬಿಗೆ ವಾರಕ್ಕೆ ಎಷ್ಟು ಪೀರಿಯಡ್ ಇಟ್ಟಿದ್ದಾರೆ ನೋಡಿ. ಯುಪಿಎಸ್ ಬ್ಯಾಟರಿ ಯಾವಾಗ ಬದಲಾಯಿಸಿದ್ದು, ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಆಮೇಲೆ ನಿಮ್ಮ ಮಗಳನ್ನು ಕೂರಿಸಿ, ಅವಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಲು ಹೇಳಿ.