ಗೋದಾವರಿಯ ನೀರಿನ ಲೆಕ್ಕ: ಅಂತರಜಾಲದ ರೇಖಾಚಿತ್ರಗಳನ್ನು ಓದುವ ಬಗೆ

ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿ ಬ್ರಹ್ಮಗಿರಿಯಲ್ಲಿ ಉಗಮಿಸುವ ಗೋದಾವರಿಯು ನಾಸಿಕ ನಗರವನ್ನು ಹಾದು ಪೂರ್ವಕ್ಕೆ ಹರಿದು, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟೆಯನ್ನು ಸೇರುತ್ತದೆ. ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಕವಿರಾಜಮಾರ್ಗವು ಹೇಳುವ ನದಿ ಇದೇ ಆಗಿದೆ. ಮೇಲ್ಭಾಗದ ನಾಸಿಕ ಹಾಗೂ ಅಹಿಲ್ಯಾನಗರ ಜಿಲ್ಲೆಗಳ ದ್ರಾಕ್ಷಿ, ಈರುಳ್ಳಿ ಮತ್ತು ಕಬ್ಬಿನ ಬೆಳೆಗಾರರು ಈ ನದಿಯ ಮತ್ತು ಅದರ ಉಪನದಿಗಳ ಅಣೆಕಟ್ಟೆಗಳನ್ನು ನಂಬಿಕೊಂಡಿದ್ದಾರೆ. ಕೆಳಭಾಗದಲ್ಲಿ ಸಂಭಾಜಿನಗರದ ಕುಡಿಯುವ ನೀರು, ಅಲ್ಲಿಯ ಕೈಗಾರಿಕೆಗಳು ಮತ್ತು ಮರಾಠವಾಡದ ಕಾಲುವೆಗಳು ಜಾಯಕವಾಡಿಯನ್ನು ಅವಲಂಬಿಸಿವೆ. ಮಳೆ ಚೆನ್ನಾಗಿ ಬಂದ ವರ್ಷ ಇವರ ನಡುವೆ ತಕರಾರಿಲ್ಲ. ಮಳೆ ಕೈಕೊಟ್ಟ ವರ್ಷ, ಮೇಲಿನ ಅಣೆಕಟ್ಟೆಗಳಿಂದ ಎಷ್ಟು ನೀರನ್ನು ಕೆಳಕ್ಕೆ ಬಿಡಬೇಕೆಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗುತ್ತದೆ.

ಮಹಾರಾಷ್ಟ್ರ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರವು 2014ರ ಸೆಪ್ಟೆಂಬರ್ ತಿಂಗಳಿನಲ್ಲಿ ಈ ಬಗ್ಗೆ ಒಂದು ಆದೇಶವನ್ನು ಹೊರಡಿಸಿತು. ಅಕ್ಟೋಬರ್ 15ರಂದು ಜಾಯಕವಾಡಿಯ ಸಂಗ್ರಹವು ಶೇಕಡ 65ಕ್ಕಿಂತ ಕಡಿಮೆಯಿದ್ದಲ್ಲಿ ಮೇಲ್ಭಾಗದ ಜಲಾಶಯಗಳಿಂದ ನೀರು ಬಿಡತಕ್ಕದ್ದೆಂಬುದು ಅದರ ಸಾರವಾಗಿತ್ತು. 2023ರಲ್ಲಿ ಮಳೆ ಕೊರತೆಯಾದಾಗ ಸುಮಾರು 8.6 ಟಿ.ಎಂ.ಸಿ. ನೀರು ಬಿಡಲು ಅಕ್ಟೋಬರ್ ಅಂತ್ಯದಲ್ಲಿ ಆದೇಶವಾಯಿತು. ಹೀಗೆ ಒಂದು ದಿನದ ಒಂದು ಅಂಕಿಯು ಎರಡು ಪ್ರದೇಶಗಳ ಹಿಂಗಾರು ಬೆಳೆಯ ಮೇಲೆ ಪರಿಣಾಮ ಬೀರುತ್ತದೆ. ಆ ಅಂಕಿಯನ್ನು ಶ್ರೀಸಾಮಾನ್ಯನು ತಾನೇ ನೋಡಿ ತಿಳಿಯಲು ಈಗ ಸಾಧ್ಯವಾಗಿದೆ.

ದೇಶದ ಜಲಸಂಪತ್ತಿಗೆ ಸಂಬಂಧಿಸಿದ ಅಂಕಿ-ಅಂಶಗಳನ್ನು ಒಂದೆಡೆ ಒದಗಿಸಲು ಕೇಂದ್ರ ಜಲ ಆಯೋಗ ಹಾಗೂ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗಳು ಕೂಡಿ ‘ಇಂಡಿಯಾ-ಡಬ್ಲ್ಯುಆರ್‌ಐಎಸ್’ ಎಂಬ ಜಾಲತಾಣವನ್ನು ರೂಪಿಸಿದವು. 2019ರಲ್ಲಿ ಅದರ ಹೊಸ ಆವೃತ್ತಿಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಕೋಷ್ಟಕಗಳಲ್ಲಿ ಅಡಗಿರುವ ಅಂಕಿಗಳನ್ನು ಭೂಪಟವಾಗಿ, ಗೆರೆಗಳಾಗಿ, ಕಂಬಗಳಾಗಿ ತೋರಿಸುವುದು ಇದರ ವೈಶಿಷ್ಟ್ಯ. ವ್ಯಾಪಾರ ಸಂಸ್ಥೆಗಳು ತಮ್ಮ ಮಾರಾಟದ ಲೆಕ್ಕವನ್ನು ನೋಡಲು ಬಳಸುವ ‘ಡ್ಯಾಶ್‌ಬೋರ್ಡ್’ ಸಹ ಇದೇ ಬಗೆಯ ಸಾಧನ.

ಜಾಲತಾಣವನ್ನು ತೆರೆದ ಕೂಡಲೇ ಕಾಣುವ ಬಣ್ಣದ ಚಿತ್ರಗಳಿಗೆ ಮರುಳಾಗಿ ಅಲ್ಲಿ ಇಲ್ಲಿ ಒತ್ತುತ್ತ ಹೋದರೆ ಹೊತ್ತು ಕಳೆಯುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು: ‘ಕಳೆದ ಹತ್ತು ವರ್ಷಗಳಲ್ಲಿ ಅಕ್ಟೋಬರ್ 15ರ ಸುಮಾರಿಗೆ ಜಾಯಕವಾಡಿಯಲ್ಲಿ ಎಷ್ಟು ನೀರಿತ್ತು?’ ಬಳಿಕ ಜಲಾಶಯಗಳ ವಿಭಾಗಕ್ಕೆ ಹೋಗಿ, ಸ್ಥಳವನ್ನೂ ಅವಧಿಯನ್ನೂ ಆರಿಸಿದರೆ ರೇಖಾಚಿತ್ರ ಮೂಡುತ್ತದೆ. ಬೇಡದ್ದನ್ನು ಸೋಸಿ ಬೇಕಾದುದನ್ನು ಮಾತ್ರ ಉಳಿಸಿಕೊಳ್ಳುವ ಈ ಆಯ್ಕೆಗೆ ‘ಫಿಲ್ಟರ್’ ಎನ್ನುತ್ತಾರೆ.

ಎಡವುವ ಮೊದಲ ಸ್ಥಳ ಈ ಫಿಲ್ಟರ್. ನೀರು ನಾಸಿಕದಿಂದ ಬರುತ್ತದೆಂದು ತಿಳಿದವರು ಸಹಜವಾಗಿಯೇ ನಾಸಿಕ ಜಿಲ್ಲೆಯನ್ನು ಆರಿಸುತ್ತಾರೆ. ಆಗ ಗಿರಣಾ ಜಲಾಶಯವೂ ಆ ಲೆಕ್ಕಕ್ಕೆ ಸೇರುತ್ತದೆ. ಗಿರಣಾ ಅಣೆಕಟ್ಟೆ ಇರುವುದು ನಾಸಿಕ ಜಿಲ್ಲೆಯಲ್ಲೇ ಆದರೂ ಆ ನದಿ ಸೇರುವುದು ತಾಪಿಯನ್ನು; ಅದರ ಒಂದು ತೊಟ್ಟು ನೀರೂ ಪೈಠಣಕ್ಕೆ ಬರುವುದಿಲ್ಲ. ಇತ್ತ ಪ್ರವರಾ ನದಿಯ ಭಂಡಾರದರಾ ಮತ್ತು ಮುಳಾ ಜಲಾಶಯಗಳು ಗೋದಾವರಿಯವೇ ಆಗಿದ್ದರೂ ಅಹಿಲ್ಯಾನಗರ ಜಿಲ್ಲೆಯಲ್ಲಿರುವುದರಿಂದ ಬಿಟ್ಟುಹೋಗುತ್ತವೆ. ನೀರು ಜಿಲ್ಲೆಯ ಗಡಿಯನ್ನು ನೋಡಿ ಹರಿಯುವುದಿಲ್ಲವಾದ್ದರಿಂದ ಇಲ್ಲಿ ಆರಿಸಬೇಕಾದುದು ಜಿಲ್ಲೆಯನ್ನಲ್ಲ, ನದೀ ಕಣಿವೆಯನ್ನು. ಹೆಸರುಗಳ ವಿಷಯದಲ್ಲೂ ಎಚ್ಚರ ಅಗತ್ಯ. ಹಳೆಯ ದಾಖಲೆಗಳಲ್ಲಿ ಹುಡುಕುವವರು ಔರಂಗಾಬಾದ್ ಮತ್ತು ಅಹಮದ್‌ನಗರ ಎಂಬ ಹಿಂದಿನ ಹೆಸರುಗಳನ್ನೂ ನೋಡತಕ್ಕದ್ದು.

ಇನ್ನು ಶೇಕಡಾವಾರಿನ ವಿಚಾರ. ಜಾಯಕವಾಡಿಯ ಒಟ್ಟು ಸಾಮರ್ಥ್ಯ 2,909 ದಶಲಕ್ಷ ಘನ ಮೀಟರ್. ಇದರಲ್ಲಿ 738 ದಶಲಕ್ಷ ಘನ ಮೀಟರ್‌ನಷ್ಟು ನೀರು ತೂಬಿನ ಮಟ್ಟಕ್ಕಿಂತ ಕೆಳಗಿದ್ದು ಕಾಲುವೆಗೆ ಹರಿಯದು. ಪತ್ರಿಕೆಗಳು ಇದನ್ನು ‘ಡೆಡ್ ಸ್ಟೋರೇಜ್’ ಎಂದು ಬರೆಯುತ್ತವೆ. ಉಳಿದ 2,171 ದಶಲಕ್ಷ ಘನ ಮೀಟರ್ ಮಾತ್ರ ಬಳಕೆಗೆ ದೊರೆಯುವ ಸಂಗ್ರಹ. ಕೇಂದ್ರ ಜಲ ಆಯೋಗದ ಅಂಕಿಯಲ್ಲಿ ಶೇಕಡ ನೂರು ಎಂದರೆ ಈ ಎರಡನೆಯದು. ಆದ್ದರಿಂದ ಚಿತ್ರದಲ್ಲಿ ಗೆರೆ ಸೊನ್ನೆಯನ್ನು ಮುಟ್ಟಿದರೂ ಜಲಾಶಯದಲ್ಲಿ ನೀರಿರುತ್ತದೆ. 2019ರ ಬೇಸಿಗೆಯಲ್ಲಿ ಹೀಗೆಯೇ ಆಗಿ, ಕುಡಿಯುವ ನೀರನ್ನು ಆ ತಳದ ಸಂಗ್ರಹದಿಂದಲೇ ಎತ್ತಲಾಯಿತು. ಒಬ್ಬರು ಒಟ್ಟು ಸಾಮರ್ಥ್ಯದ ಮೇಲೆ, ಇನ್ನೊಬ್ಬರು ಬಳಕೆಯ ಸಂಗ್ರಹದ ಮೇಲೆ ಶೇಕಡಾವಾರನ್ನು ಕಟ್ಟಿದರೆ ಇಬ್ಬರ ಮಾತೂ ನಿಜವಾಗಿದ್ದು ಜಗಳ ಮಾತ್ರ ತೀರುವುದಿಲ್ಲ.

ಅಳತೆಯ ಮಾನಗಳೂ ಒಂದೇ ಆಗಿಲ್ಲ. ಆಯೋಗದ ವಾರದ ವರದಿ ಶತಕೋಟಿ ಘನ ಮೀಟರ್‌ಗಳಲ್ಲಿದ್ದರೆ ಜನರ ಬಾಯಲ್ಲಿರುವುದು ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ಸುಮಾರು 28.3 ದಶಲಕ್ಷ ಘನ ಮೀಟರ್. ಈ ಲೆಕ್ಕದಲ್ಲಿ ಜಾಯಕವಾಡಿಯ ಶೇಕಡ 65 ಎಂದರೆ ಸುಮಾರು 49.8 ಟಿ.ಎಂ.ಸಿ., ಅಂದರೆ ತುಂಬಿ ನಿಂತ ಕೃಷ್ಣರಾಜಸಾಗರದಷ್ಟು ನೀರು. 2023ರಲ್ಲಿ ಬಿಡಲು ಆದೇಶಿಸಿದ 8.6 ಟಿ.ಎಂ.ಸಿ. ಜಾಯಕವಾಡಿಯ ಬಳಕೆಯ ಸಂಗ್ರಹದ ಶೇಕಡ 11ರಷ್ಟು ಮಾತ್ರ. ಒಣಗಿದ ನದೀಪಾತ್ರದಲ್ಲಿ ಬಹುದೂರ ಸಾಗುವ ನೀರಿನ ಒಂದು ಪಾಲು ದಾರಿಯಲ್ಲೇ ಇಂಗುವುದರಿಂದ ಬಿಟ್ಟ ನೀರಷ್ಟೂ ಪೈಠಣವನ್ನು ತಲುಪುವುದಿಲ್ಲ. ಚಿತ್ರದಲ್ಲಿ ಗೆರೆಯು ಒಮ್ಮೆಲೇ ಮೇಲೇರದಿದ್ದರೆ ನೀರೇ ಬಿಟ್ಟಿಲ್ಲವೆಂದು ಭಾವಿಸಬಾರದು.

ಇನ್ನೂ ಒಂದು ಸೂಕ್ಷ್ಮವಿದೆ. ಪ್ರಾಧಿಕಾರದ ಆದೇಶದಲ್ಲಿನ ಶೇಕಡ 65ಕ್ಕೆ ಮುಂಗಾರಿನಲ್ಲಿ ಅದಾಗಲೇ ಬಳಸಿದ ನೀರನ್ನೂ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಜಾಲತಾಣದ ಗೆರೆ ತೋರಿಸುವುದು ಆ ದಿನ ಅಣೆಕಟ್ಟೆಯಲ್ಲಿ ನಿಂತ ನೀರನ್ನು ಮಾತ್ರ. ಆದಕಾರಣ ತೆರೆಯ ಮೇಲೆ 62 ಎಂದಿದ್ದ ಮಾತ್ರಕ್ಕೆ ಮೇಲಿನವರು ನೀರು ಬಿಡಲೇಬೇಕೆಂದು ತೀರ್ಮಾನಿಸಲಾಗದು. ಈ ವ್ಯತ್ಯಾಸವನ್ನು ಚಿತ್ರ ತಾನಾಗಿ ಹೇಳುವುದಿಲ್ಲ.

ಕೇಂದ್ರದ ವಾರದ ಪಟ್ಟಿಯಲ್ಲಿ ಆಯ್ದ ದೊಡ್ಡ ಜಲಾಶಯಗಳಷ್ಟೇ ಇರುತ್ತವೆ. ಮಧ್ಯಮ ಹಾಗೂ ಸಣ್ಣ ಅಣೆಕಟ್ಟೆಗಳಿಗೆ ರಾಜ್ಯದ ಜಲಸಂಪನ್ಮೂಲ ಇಲಾಖೆಯ ದೈನಂದಿನ ವರದಿಯನ್ನು ನೋಡಬೇಕಾಗುತ್ತದೆ. ಚಿತ್ರದ ಜೊತೆಗೆ ಅದರ ಕೋಷ್ಟಕವನ್ನೂ ಇಳಿಸಿಟ್ಟುಕೊಂಡು, ಅಂಕಿಯ ಪಕ್ಕದಲ್ಲಿ ದಿನಾಂಕವನ್ನೂ ಮಾನವನ್ನೂ ಬರೆದಿಡುವುದು ಉತ್ತಮ. ಕರ್ನಾಟಕದ ಓದುಗರು ಆಲಮಟ್ಟಿ, ತುಂಗಭದ್ರಾ, ಲಿಂಗನಮಕ್ಕಿ ಮತ್ತು ಕೃಷ್ಣರಾಜಸಾಗರಗಳ ಅಂಕಿಗಳನ್ನೂ ಇದೇ ಕ್ರಮದಲ್ಲಿ ನೋಡಬಹುದಾಗಿದೆ.