ಫೆಂಡರ್ ನೀಲಿ ಚಿಟ್ಟೆ ಮತ್ತು ಕಿನ್‌ಕೇಡ್ ಲೂಪಿನ್

ಅಮೆರಿಕದ ಆರೆಗಾನ್ ಸಂಸ್ಥಾನದ ವಿಲಾಮೆಟ್ ಕಣಿವೆಯಲ್ಲಿ ಹಳೆಯ ಹುಲ್ಲುಗಾವಲುಗಳು ಬೇಸಾಯಕ್ಕೂ ಊರುಗಳ ಬೆಳವಣಿಗೆಗೂ ಬಹುಪಾಲು ಬಲಿಯಾಗಿವೆ. ಅಲ್ಲಿನ ಫೆಂಡರ್ ನೀಲಿ ಚಿಟ್ಟೆಯೂ ಅದರ ಕಂಬಳಿಹುಳುವಿಗೆ ಮುಖ್ಯ ಆಹಾರವಾದ ಕಿನ್‌ಕೇಡ್ ಲೂಪಿನ್ ಎಂಬ ಅವರೆಯ ಕುಟುಂಬದ ಗಿಡವೂ ಇದರಿಂದ ಅಪಾಯಕ್ಕೊಳಗಾದುವು. 2000ರಲ್ಲಿ ಎರಡಕ್ಕೂ ಕಾನೂನಿನ ರಕ್ಷಣೆ ದೊರೆಯಿತು.

ಆದರೆ ಇವುಗಳ ಅವನತಿಯ ಕ್ರಮ ಒಂದೇ ಅಲ್ಲ. ಚಿಟ್ಟೆಗೆ ವರ್ಷಕ್ಕೊಂದೇ ಪೀಳಿಗೆ. ಒಂದು ವಸಂತ ಕೆಟ್ಟರೆ ಮರುವರ್ಷವೇ ಅದರ ಸಂಖ್ಯೆ ಕುಗ್ಗಬಹುದು. ಗಿಡವಾದರೋ ನೆಲದೊಳಗಿನ ಕಾಂಡದಿಂದ ಹಬ್ಬಿ ದಶಕಗಳ ಕಾಲ ಬಾಳಬಲ್ಲದು. ಪರಾಗಸ್ಪರ್ಶಕ್ಕೆ ಬೇಕಾದ ಕಾಡುಜೇನುಗಳು ವಿರಳವಾಗಿ ಬೀಜ ಕಟ್ಟದಿದ್ದರೂ ಹಸುರಾಗಿಯೇ ತೋರುತ್ತದೆ. ಆದ್ದರಿಂದ ಗಿಡಗಳನ್ನು ಎಣಿಸಿದರೆ ಸಾಲದು. ಬೀಜವನ್ನೂ ಎಳೆಯ ಸಸಿಗಳನ್ನೂ ಎಣಿಸಬೇಕು.

2023ರಲ್ಲಿ ಚಿಟ್ಟೆಯನ್ನು ‘ಅಳಿವಿನಂಚಿನ’ ವರ್ಗದಿಂದ ಅದಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಈ ಚೇತರಿಕೆಯು ನಿಲ್ಲಬೇಕಾದರೆ ಗಿಡದ ಮುಂದಿನ ಪೀಳಿಗೆಯೂ ಹುಟ್ಟಬೇಕು.